ಪಾರ್ವತಿಬಾಯಿ ಹಡಗು ಹತ್ತಿದ್ದು

ಬಸವಕಲ್ಯಾಣದಲ್ಲಿ ಪಂಪ್‌ಸೆಟ್ಟಿನ ವೈಜನಾಥಪ್ಪ ಎಂದರೆ ಅಂಗಡಿಯ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಅವನ ಅಕ್ಕ ಪಾರ್ವತಿಬಾಯಿ ಎಂದರೆ ಮಾತ್ರ ಹಾಗಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, "ಜಪಾನಕ್ಕ ಹೋಗಿ ಬಂದಾಕಿ ಅಲ್ಲೇನ್ರಿ?" ಎಂದು ಮಾತಿಗೇ ಕೂತುಬಿಡುತ್ತಾರೆ. ಹಡಗು ಮುಳುಗಿತ್ತಂತೆ, ಆಕೆ ಈಜಿ ದಡ ಸೇರಿದಳಂತೆ, ಅಲ್ಲಿಯ ರಾಜ ಶಾಲು ಹೊದಿಸಿದನಂತೆ. ಎಲ್ಲ ಶುದ್ಧ ಬೊಗಳೆ. ಮೋರಖಂಡಿಯ ಹಳ್ಳದಲ್ಲಿ ಮೊಣಕಾಲು ಮಟ್ಟಕ್ಕಿಂತ ಹೆಚ್ಚು ನೀರಿಗೆ ಇಳಿಯದ ಹೆಂಗಸು ಎಲ್ಲಿ ಈಜುತ್ತಾಳೆ! ನಡೆದದ್ದು ಬೇರೆಯೇ ಇದೆ, ಮತ್ತು ಅದು ಬೊಗಳೆಗಿಂತ ದೊಡ್ಡದು.

ಪಾರ್ವತಿಬಾಯಿ ಹುಟ್ಟಿದ್ದು ಮೋರಖಂಡಿಯ ಒಕ್ಕಲುತನದ ಮನೆಯಲ್ಲಿ, ನಿಜಾಮನ ಕಾಲಕ್ಕೆ. ಹದಿಮೂರಕ್ಕೆ ಹುಮನಾಬಾದಿಗೆ ಮದುವೆ ಮಾಡಿ ಕೊಟ್ಟರು. ಹದಿನಾರು ತುಂಬುವಷ್ಟರಲ್ಲಿ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಗಂಡನ ಮನೆಯವರು ತಾಳಿ ಬಿಚ್ಚಿಸಿಕೊಂಡರು, ಬಳೆ ಬಿಚ್ಚಿಸಿಕೊಂಡರು, ಕಾಲುಂಗುರ ತೆಗೆಸಿದರು. ತವರಿನ ಗಾಡಿ ಹತ್ತುವಾಗ ಆಕೆಯ ಮೈಮೇಲೆ ಉಳಿದಿದ್ದು ಕೊರಳಿನ ಲಿಂಗ ಒಂದೇ. ಅದನ್ನು ತೆಗೆಸುವ ಹಕ್ಕು ಯಾರಿಗೂ ಇರಲಿಲ್ಲ. ಹುಟ್ಟಿದ ಹನ್ನೊಂದನೆಯ ದಿನ ಮಠದ ಅಯ್ಯನವರು ಕಟ್ಟಿದ್ದು, ಸತ್ತಾಗ ಸಂಗಡ ಮಣ್ಣಿಗೆ ಹೋಗುವಂಥದು. "ನನ್ನವು ಅಂಬೋವೆಲ್ಲಾ ಹೋದವು, ನೀ ಒಬ್ಬಾವ ಉಳದಿ" ಎಂದು ಗಾಡಿಯಲ್ಲಿ ಕೂತು ಆ ಹುಡುಗಿ ಅದಕ್ಕೆ ಹೇಳಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯ ಮೇಲೆ ಲಿಂಗ ಇಟ್ಟು, ನೀರೆರೆದು, ವಿಭೂತಿ ಹಚ್ಚಿ, ಬಿಲ್ವದ ಪತ್ರಿ ಏರಿಸಿ ಪೂಜೆ ಮಾಡದ ಹೊರತು ಒಂದು ಹನಿ ನೀರು ಅವಳ ಗಂಟಲಿಗೆ ಇಳಿಯುತ್ತಿರಲಿಲ್ಲ.

ತವರಿಗೆ ಬಂದ ವರ್ಷವೇ ತಾಯಿ ಹೋದಳು. ಎಂಟು ವರ್ಷದ ತಮ್ಮ ವೈಜನಾಥ ಅಕ್ಕನ ಸೆರಗು ಹಿಡಿದವನು ಬಿಡಲೇ ಇಲ್ಲ. ಅವನಿಗೆ ಗೊಬ್ಬರ ಎದ್ದು ಮೈ ಸುಡುತ್ತಿದ್ದಾಗ ರಾತ್ರಿಯಿಡೀ ಕೂತವಳು ಅವಳು, ಶಾಲೆಗೆ ಅಟ್ಟಿದವಳು ಅವಳು, ಶಾಲೆ ತಪ್ಪಿಸಿ ಹುಣಸೆ ಮರ ಹತ್ತಿದಾಗ ಕೆಳಗೆ ಕಟ್ಟಿಗೆ ಹಿಡಿದು ನಿಂತವಳೂ ಅವಳೇ. ಐವತ್ತಾರರಲ್ಲಿ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕಲ್ಯಾಣದಲ್ಲೆಲ್ಲ ಸಕ್ಕರೆ ಹಂಚುತ್ತಿದ್ದಾಗ, ಪಾರ್ವತಿಬಾಯಿ ತಂದೆಯ ಬೆನ್ನು ಹತ್ತಿ ತಮ್ಮನಿಗೆ ಅಲ್ಲಿ ಒಂದು ಅಂಗಡಿ ಹಾಕಿಸಿದಳು. ಮೊದಲು ಹಗ್ಗ, ನೇಗಿಲ ಗುಳ, ಬಕೆಟ್ಟು ಮಾರುತ್ತಿದ್ದ ಅಂಗಡಿ. ಹಳ್ಳಿಖೇಡದಲ್ಲಿ ಸಕ್ಕರೆ ಕಾರ್ಖಾನೆ ಬಂದು, ಸುತ್ತಲಿನವರೆಲ್ಲ ಕಬ್ಬಿಗೆ ಬಿದ್ದ ಮೇಲೆ, ಬಾವಿ ಬಾವಿಗೂ ಪಂಪ್‌ಸೆಟ್ಟು ಬೇಕಾಯಿತು. ವೈಜನಾಥ ವೈಜನಾಥಪ್ಪ ಆದದ್ದು ಹಾಗೆ.

ಎಂಬತ್ತೊಂದರ ಚಳಿಗಾಲದಲ್ಲಿ ಪಂಪಿನ ಕಂಪನಿಯಿಂದ ಒಂದು ಕಾಗದ ಬಂತು. ವೈಜನಾಥಪ್ಪ ಅಂಚೆ ಮಾಸ್ತರರಿಂದ ಎರಡು ಸಲ ಓದಿಸಿ ಖಾತ್ರಿ ಮಾಡಿಕೊಂಡ. ಎಲ್ಲರಿಗಿಂತ ಹೆಚ್ಚು ಪಂಪು ಮಾರಿದ ಮೂವತ್ತು ಜನ ಡೀಲರುಗಳಿಗೆ ಬಹುಮಾನ: ಮುಂಬೈಯಿಂದ ಹಾಂಗ್‌ಕಾಂಗಿಗೆ ವಿಮಾನ, ಅಲ್ಲಿಂದ ಹಡಗಿನಲ್ಲಿ ಜಪಾನು, ಕೊರಿಯಾಗಳ ಬಂದರು ಊರುಗಳ ಪ್ರವಾಸ. ಒಬ್ಬೊಬ್ಬ ಡೀಲರೂ ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಎರಡನೆಯವರು ಅಂದರೆ ಹೆಂಡತಿ ಶಕುಂತಲಾಬಾಯಿಯೇ, ಅದರಲ್ಲಿ ಕೇಳುವುದೇನಿದೆ? ಆದರೆ ಮಗಳ ಚೊಚ್ಚಲ ಹೆರಿಗೆ ಸರಿಯಾಗಿ ಅದೇ ತಿಂಗಳಲ್ಲಿ ಬಿತ್ತು.

"ಮಗಳ ಬಾಣಂತನ ಬಿಟ್ಟು ಮೋಜು ಮಾಡಾಕ ಹೋದೆ ಅಂತ ನಾಳೆ ಬೀಗರು ಆಡ್ಕೋತಾರ" ಎಂದಳು ಶಕುಂತಲಾಬಾಯಿ. "ಅಕ್ಕಾರನ್ನ ಕರ್ಕೊಂಡು ಹೋಗ್ರಿ. ಈ ಮನಿ ಕಟ್ಟಿದಾಕಿ ಅಕಿ. ಹೈದರಾಬಾದ ಸುದ್ದಾ ನೋಡಿಲ್ಲ."

ಪಾರ್ವತಿಬಾಯಿ ಬಿದ್ದು ಬಿದ್ದು ನಕ್ಕಳು. "ನಾ? ಹಡಗದಾಗ? ನಿಮಗೇನು ಹುಚ್ಚು ಹಿಡದದೇನು?" ಎಂಟು ದಿನ ಬೇಡ ಬೇಡ ಅಂದಳು. ಓಣಿಯ ಗಂಗುಬಾಯಿ ಒಮ್ಮೆ ಬಂದು, "ಗಂಡ ಇಲ್ಲದಾಕಿ ಸಮುದ್ರ ದಾಟತಾಳಂತ, ಕೇಳಿದ್ದೇ ಇಲ್ಲವ್ವ" ಎಂದು ಮೂಗಿನ ಮೇಲೆ ಬೆರಳಿಟ್ಟದ್ದೇ ತಡ, ಪಾರ್ವತಿಬಾಯಿ ಒಳಗೆ ಹೋಗಿ ಜೋಳ ತೆಗೆದು ಬೀಸಲು ಇಟ್ಟಳು. ಮೂರು ದಿನ ಕೂತು ಇನ್ನೂರು ರೊಟ್ಟಿ ಬಡಿದು, ಒಣಗಿಸಿ, ಕಟಕಟ ಅನ್ನುವ ಖಡಕ್ ರೊಟ್ಟಿ ಮಾಡಿ ಎರಡು ತಗಡಿನ ಡಬ್ಬಿಗೆ ತುಂಬಿದಳು. ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಪುಡಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ ಬೇರೆ. ಒಣಗಿದ ಬಿಲ್ವಪತ್ರಿ ಒಂದು ಪೊಟ್ಟಣ.

ಹಡಗು ಬೆಳ್ಳಗೆ, ಏಳೆಂಟು ಅಂತಸ್ತಿನದು. ಕಲ್ಯಾಣದ ಕೋಟೆಯನ್ನೇ ನೀರಿಗೆ ಇಳಿಸಿದ ಹಾಗೆ ಕಂಡಿತು ಆಕೆಗೆ. ಡೀಲರುಗಳನ್ನು ನೋಡಿಕೊಳ್ಳಲು ಹೈದರಾಬಾದಿನ ಬದ್ರುದ್ದೀನ್ ಎಂಬ ಪ್ರವಾಸ ಕಂಪನಿಯ ಮನುಷ್ಯ ಜೊತೆಗಿದ್ದ. ನಿಜಾಮನ ಕಾಲದವಳಾದ ಪಾರ್ವತಿಬಾಯಿಗೆ ದಖನಿ ಉರ್ದು ನೀರು ಕುಡಿದ ಹಾಗೆ ಬರುತ್ತಿತ್ತು. ಮೊದಲ ದಿನವೇ ಅವನು, "ಅಮ್ಮಾ, ಫಿಕರ್ ನಕ್ಕೋ" ಎಂದು ಧೈರ್ಯ ಹೇಳಿದ್ದಕ್ಕೆ ಆಕೆ ಅವನ ಕೈಗೆ ಎರಡು ರೊಟ್ಟಿ, ಹಿಂಡಿ ಇಟ್ಟಳು. ಅಲ್ಲಿಂದ ಅವನು ಆಕೆಯ ನೆರಳಾದ. ಬಟಾಣಿ, ಅನ್ನ, ಬೇಯಿಸಿದ ಆಲೂಗಡ್ಡೆ ತಿಂದು ಬೇಸತ್ತ ಗುಜರಾತಿನ ಇಬ್ಬರು ಡೀಲರುಗಳೂ ಊಟದ ಹೊತ್ತಿಗೆ ಈ ಮೇಜಿನ ಸುತ್ತ ಸುಳಿಯತೊಡಗಿದರು.

ಒಂದೇ ತೊಂದರೆ. ಅಕ್ಕತಮ್ಮರಿಗೆ ಕೊಟ್ಟ ಕೋಣೆ ಕೆಳಗಿನ ಅಂತಸ್ತಿನಲ್ಲಿ, ಅಡುಗೆಮನೆಯ ಮಗ್ಗುಲಿಗೇ ಇತ್ತು. ಗೋಡೆಯ ಜಾಲರಿಯಿಂದ ನಸುಕಿಗೇ ಮಾಂಸ ಹುರಿಯುವ ವಾಸನೆ. ಅದರಲ್ಲಿ ಲಿಂಗಪೂಜೆ ಎಲ್ಲಿಂದ ಬಂತು? ಅದಕ್ಕೆ ಆಕೆ ದಿನಾ ಸ್ನಾನ ಮಾಡಿ, ಒಂದು ಹಿತ್ತಾಳೆ ಗಿಂಡಿಯಲ್ಲಿ ನೀರು ಹಿಡಿದು ಮೇಲಿನ ಬಯಲಿಗೆ ಹೋಗಿ, ಹಡಗಿನ ಹಿಂಬದಿಯ ಒಂದು ಮೂಲೆಯಲ್ಲಿ ಚಾಪೆ ಹಾಸಿ ಕೂತು ಪೂಜೆ ಮಾಡುತ್ತಿದ್ದಳು. ಹಡಗಿನ ಆಳುಗಳು ಮೊದಮೊದಲು ದೂರ ನಿಂತು ನೋಡಿದರು. ಆಮೇಲೆ ಆ ಮೂಲೆಯನ್ನು ಅವರೇ ಗುಡಿಸಿ ಇಡತೊಡಗಿದರು.

ಕೋಬೆ ಬಂದರಿನಲ್ಲಿ ಇಳಿದಾಗ ಒಬ್ಬ ಮುದುಕಿ ಸೊಂಟದವರೆಗೆ ಬಾಗಿ ನಮಸ್ಕಾರ ಮಾಡಿದಳು. ಹಿರಿಯಳು ಬಾಗಿದ ಮೇಲೆ ಸುಮ್ಮನಿರುವುದುಂಟೇ? ಪಾರ್ವತಿಬಾಯಿ ಸೆರಗು ಸರಿಮಾಡಿಕೊಂಡು ಅದಕ್ಕಿಂತ ಹೆಚ್ಚು ಬಾಗಿ, "ಶರಣ್ರಿ ತಾಯಿ" ಅಂದಳು. ಆಕೆ ಮತ್ತೆ ಬಾಗಿದಳು. ಈಕೆ ಮತ್ತೆ. ಯಾರು ಮೊದಲು ನಿಲ್ಲಿಸಬೇಕು ಎಂಬುದು ಇಬ್ಬರಿಗೂ ತಿಳಿಯಲಿಲ್ಲ, ಬಸ್ಸಿನಲ್ಲಿ ಕೂತ ಇಪ್ಪತ್ತೊಂಬತ್ತು ಡೀಲರುಗಳು ಕಾದರು. ಕಡೆಗೆ ವೈಜನಾಥಪ್ಪ ಬಂದು ಅಕ್ಕನ ರಟ್ಟೆ ಹಿಡಿದು ಎಳೆದೊಯ್ದ. "ಎಷ್ಟು ಮರ್ಯಾದಿ ಮಂದಿಯೋ ವೈಜೂ! ನಮ್ಮ ಗಂಗುಬಾಯಿನ್ನ ಒಂದು ತಿಂಗಳು ಇಲ್ಲಿ ತಂದು ಬಿಡಬೇಕು" ಎಂದು ದಾರಿಯುದ್ದಕ್ಕೂ ಹೇಳಿದಳು.

ನಾಗಸಾಕಿಯಲ್ಲಿ ಮಾತ್ರ ಆಕೆ ನಗಲಿಲ್ಲ. ಒಂದೇ ಬಾಂಬಿಗೆ ಊರು ಹೇಗೆ ಸುಟ್ಟಿತು, ಸುಟ್ಟವರು ನೀರು ನೀರು ಎನ್ನುತ್ತ ಹೇಗೆ ಸತ್ತರು ಎಂದು ಬದ್ರುದ್ದೀನ್ ಹೇಳುತ್ತಿದ್ದರೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಾಗಿದ್ದೂ ಗುಡ್ಡದ ತುಂಬ ಹೊಸ ಮನೆ, ಅಂಗಳದಲ್ಲಿ ಹೂವು, ಶಾಲೆಯಿಂದ ಬರುವ ಮಕ್ಕಳು. ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು.

ಅಂದು ಸಂಜೆ ನಾಗಸಾಕಿ ಬಿಟ್ಟ ಹಡಗು ಮರುದಿನ ಬೆಳಿಗ್ಗೆ ಕೊರಿಯಾದ ಬೂಸಾನ್ ಮುಟ್ಟುವುದಿತ್ತು. ಬೆಳಗಾಗುವ ಹೊತ್ತಿಗೆ ಪಾರ್ವತಿಬಾಯಿ ಮೇಲೆ ಹೋದರೆ, ಆಳುಗಳು ಬಂದರಿಗೆಂದು ಹಲಗೆ ನೆಲವನ್ನೆಲ್ಲ ತೊಳೆದು ಇಟ್ಟಿದ್ದರು. ಕೂರಲು ಒಣ ಜಾಗವಿಲ್ಲ. ನಿಂತೇ ಮಾಡಿದರಾಯಿತು ಎಂದು ಕಟಕಟೆಯ ಪಕ್ಕ ನಿಂತಳು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಗಿಂಡಿ. ನೀರು ಎರೆಯಬೇಕು, ಅಷ್ಟರಲ್ಲಿ ಹಡಗು ದಿಕ್ಕು ಬದಲಿಸಿತೋ ಏನೋ, ಒಂದು ಸಲ ಜೋರಾಗಿ ವಾಲಿತು. ತೊಳೆದ ನೆಲದ ಮೇಲೆ ಕಾಲು ಜಾರಿತು. ಪಾರ್ವತಿಬಾಯಿ ಎರಡೂ ಕೈಯಿಂದ ಕಟಕಟೆ ಹಿಡಿದುಕೊಂಡಳು.

ಎರಡೂ ಕೈಯಿಂದ.

ಗಿಂಡಿ ಹಲಗೆಯ ಮೇಲೆ ಉರುಳಿ ಸದ್ದು ಮಾಡಿತು. ಲಿಂಗ ಬಿದ್ದದ್ದು ಕಾಣಲೂ ಇಲ್ಲ, ಕೇಳಲೂ ಇಲ್ಲ. ಕೆಳಗೆ ಬಿಳಿ ನೊರೆ, ಅದರಾಚೆ ಕಪ್ಪು ನೀರು, ದೂರದಲ್ಲಿ ಕೊರಿಯಾದ ಗುಡ್ಡಗಳು. ಆಕೆ ಖಾಲಿ ಅಂಗೈಯನ್ನು ನೋಡುತ್ತ ನಿಂತಲ್ಲೇ ನಿಂತಳು. ಬದ್ರುದ್ದೀನ್ ಬಂದು ಎಷ್ಟೋ ಸಲ "ಅಮ್ಮಾ, ಅಮ್ಮಾ" ಎಂದ ಮೇಲೆ, "ನನ್ನ ತಮ್ಮನ್ನ ಕರಿ" ಅಂದಳು.

ವೈಜನಾಥಪ್ಪ ಓಡಿ ಬಂದ, ಕಟಕಟೆಯಿಂದ ಬಗ್ಗಿ ನೀರು ನೋಡಿದ. ನೋಡಿ ಏನು ಮಾಡುತ್ತಾನೆ ಪಾಪ! "ಇಲ್ಲಿ ಎಷ್ಟು ಆಳ ಇರ್ತದ?" ಎಂದು ಬಾವಿಗೆ ಪಂಪು ಇಳಿಸುವವನ ಹಾಗೆ ಕೇಳಿದ. ಹಡಗು ನಿಲ್ಲಿಸಿ ಹುಡುಕುವಂತಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಕೋಣೆಗೆ ಕರೆದುಕೊಂಡು ಹೋಗಿ ನೀರಿನ ಲೋಟ ಮುಂದೆ ಹಿಡಿದ. ಆಕೆ ಮುಖ ತಿರುಗಿಸಿದಳು.

"ಒಂದ ಗುಟುಕು ಕುಡಿಯಕ್ಕಾ."

"ಲಿಂಗ ಇಲ್ದ ಹ್ಯಾಂಗ ಕುಡೀಲಿ?"

"ಊರಿಗೆ ಹೋಗಿ ಅಯ್ಯಾರ ಕಡೆ ಮತ್ತೊಂದು ಕಟ್ಟಿಸ್ಕೊಳ್ಳೂಣು."

"ಕಟ್ಟತಾರ, ನಾ ಏನೂ ಮುಟ್ಟದ ಹೋದ್ರ. ಉಂಡು ಹೋದ್ರ ಕಟ್ಟತಾರೇನು?"

ಅದೂ ಸುಳ್ಳಲ್ಲ. ಹುಮನಾಬಾದಿನ ಮಠದ ರೇವಣಯ್ಯನವರು ಎಂದರೆ ಆ ಸೀಮೆಯಲ್ಲಿ ಖಡಕ್ ಎಂದೇ ಹೆಸರು. ಹಿಂದೊಮ್ಮೆ ರಾಜೇಶ್ವರದ ಒಬ್ಬ ವ್ಯಾಪಾರಿ ಲಿಂಗ ಕಳೆದುಕೊಂಡು, ನಾಲ್ಕು ದಿನ ಉಂಡು ತಿರುಗಾಡಿ ಬಂದಿದ್ದಕ್ಕೆ ಅವನನ್ನು ಹೊಸ್ತಿಲು ಹತ್ತಗೊಟ್ಟಿರಲಿಲ್ಲ.

"ಊರು ಮುಟ್ಟಾಕ ಇನ್ನ ಆರು ದಿನ ಅದ. ಆರು ದಿನ ನೀರಿಲ್ದ ಮನಷ್ಯಾ ಉಳೀತಾನೇನು ಅಕ್ಕಾ?"

"ಉಳೀಬೇಕಂತನ ಕೈ ಮಗಚಿದೆ. ಅದ ತಪ್ಪಾತು." ಆಕೆ ಖಾಲಿ ಅಂಗೈಯನ್ನು ಅವನ ಮುಂದೆ ಹಿಡಿದಳು. "ಹಡಗ ವಾಲ್ತು, ನನಗ ಲಿಂಗ ನೆನಪಾಗಲಿಲ್ಲ ವೈಜೂ. ಜೀವ ನೆನಪಾತು. ಐವತ್ತೊಂದು ವರ್ಷ ಸಂಗಾಟ ಇದ್ದಾವನ್ನ ಬಿಟ್ಟು ಕಬ್ಬಿಣ ಹಿಡದೆ."

ಹಡಗು ಬೂಸಾನಿನಲ್ಲಿ ಸಂಜೆಯ ತನಕ ನಿಲ್ಲುವುದಿತ್ತು. ವೈಜನಾಥಪ್ಪ ಬದ್ರುದ್ದೀನನನ್ನು ಎಳೆದುಕೊಂಡು ಊರಿಗೆ ನುಗ್ಗಿದ. ಏನು ಹುಡುಕುತ್ತೇನೆ ಎಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಮೀನಿನ ಬಜಾರಿನಲ್ಲಿ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಓಡಿದ, ಹಿತ್ತಾಳೆ ಅಂಗಡಿಗೆ ಹೋದ, ಮುದ್ರೆಕಲ್ಲು ಕೆತ್ತುವವನ ಬಳಿ ಹೋದ, ಎಲ್ಲರಿಗೂ ಅಂಗೈಯ ಮೇಲೆ ಬೆರಳಿನಿಂದ ಗುಂಡಗೆ ತೋರಿಸಿದ. ಕಡೆಗೆ ಒಂದು ಗಲ್ಲಿಯ ನೆರಳಿನಲ್ಲಿ ಇಬ್ಬರು ಮುದುಕರು ಮಣೆಯ ಮೇಲೆ ಕಪ್ಪು ಬಿಳಿ ಕಲ್ಲು ಇಟ್ಟು ಆಟವಾಡುತ್ತ ಕೂತಿದ್ದರು. ಕಪ್ಪು ಕಲ್ಲು ನೋಡಿದವನಿಗೆ ಜೀವ ಬಂದಂತಾಯಿತು. ನುಣ್ಣಗೆ, ದುಂಡಗೆ, ನಡುವೆ ಉಬ್ಬಿದ್ದು, ಥೇಟ್ ಅಕ್ಕನ ಲಿಂಗದ ಹಾಗೆ. ಎದುರಿನ ಅಂಗಡಿಯಲ್ಲಿ ಅವು ಸಿಗುತ್ತಿದ್ದವು. ಆದರೆ ಒಂದೇ ಒಂದು ಕಲ್ಲು ಯಾರು ಮಾರುತ್ತಾರೆ? ನೂರೆಂಬತ್ತು ಕಲ್ಲಿನ ಮರದ ಡಬ್ಬಿಯನ್ನೇ ಕೊಂಡ.

ಹಡಗಿಗೆ ಬಂದು, ಒಂದು ಕಲ್ಲನ್ನು ಕೈಯಲ್ಲಿ ಹಿಡಿದು, ಡಬ್ಬಿಯನ್ನು ಕಂಕುಳಿನ ಚೀಲದಲ್ಲಿ ಮುಚ್ಚಿಟ್ಟು ಕೋಣೆಗೆ ಹೋದ.

"ಸಿಕ್ತಕ್ಕಾ! ಹಡಗಿನಾವ ಒಬ್ಬಾವ ಬಲಿ ಬೀಸಿ ತಗದಾನ!"

ಪಾರ್ವತಿಬಾಯಿ ಧಡಕ್ಕನೆ ಎದ್ದು ಎಡಗೈ ಚಾಚಿದಳು. ಕಲ್ಲು ಅಂಗೈಯ ಮೇಲೆ ಕೂತಿತು. ಒಂದು ಗಳಿಗೆ, ಅಷ್ಟೇ.

"ಇದು ನಂದಲ್ಲ."

"ಉಪ್ಪನೀರಾಗ ಬಿದ್ದದಲ್ಲ, ಹೊಳಪು ಬಂದದ."

"ದಿನಾ ಈ ಕೈಯಾಗ ಹಿಡದಾಕಿ ನಾ. ನನಗ ತೂಕ ತಿಳೀದಿಲ್ಲೇನೋ?"

ಅವನು ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ಅಷ್ಟರಲ್ಲಿ ಕಂಕುಳಿನ ಚೀಲ ಜಾರಿತು, ಡಬ್ಬಿ ಬಿದ್ದು ಬಾಯಿ ಬಿಟ್ಟಿತು, ನೂರೆಪ್ಪತ್ತೊಂಬತ್ತು ಕಪ್ಪು ಕಲ್ಲುಗಳು ಟರಟರನೆ ಉರುಳಿ ಮಂಚದ ಕೆಳಗೆ, ಬಾಗಿಲ ಸಂದಿಗೆ, ರೊಟ್ಟಿ ಡಬ್ಬಿಯ ಹಿಂದೆ ಹರಡಿಕೊಂಡವು. ಪಾರ್ವತಿಬಾಯಿ ನೋಡಿದಳು, ತಮ್ಮನ ಮುಖ ನೋಡಿದಳು, ತಡೆಯಲಾರದೆ ನಕ್ಕುಬಿಟ್ಟಳು. ಬೆಳಗಿನಿಂದ ನೀರಿಲ್ಲದ ತುಟಿ ಬಿರಿದು ರಕ್ತ ಬಂತು, ಆದರೂ ನಕ್ಕಳು.

"ನಗಾಕ ಬರ್ತದ, ನೀರು ಕುಡ್ಯಾಕ ಬರೂದಿಲ್ಲೇನು?" ಎಂದು ಅವನು ರೇಗಿದ.

"ಕೊರಳಾಗ ಲಿಂಗ ಕಟ್ಕೊಂಡು ಕೂತೀದಿ, ನಿನಗ ನನ್ನ ಸಂಕಟ ಹ್ಯಾಂಗ ತಿಳೀಬೇಕು?"

ಆಗ ವೈಜನಾಥಪ್ಪ ಮಾಡಬಾರದ ಕೆಲಸ ಮಾಡಿದ. ಕೊರಳಿನಿಂದ ಬೆಳ್ಳಿಯ ಕರಡಿಗೆ ತೆಗೆದ. ಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚಿ ಅಕ್ಕನ ಮುಂದೆ ಹಿಡಿದ. ಒಳಗೆ ಲಿಂಗವಿರಲಿಲ್ಲ. ಐದಾರು ಲವಂಗ ಇದ್ದವು.

"ಹದಿನೆಂಟು ವರ್ಷ ಆತು. ನನ್ನ ಲಿಂಗ ಮನ್ಯಾಗ ದೇವರ ಜಗಲಿ ಮ್ಯಾಲ ಡಬ್ಬ್ಯಾಗ ಅದ. ಶಕುಂತಲಾ ತನ್ನ ಲಿಂಗದ ಸಂಗಾಟ ನಂದಕ್ಕೂ, ನಿನಗ ಕಾಣದ್ಹಂಗ, ಪೂಜಾ ಮಾಡ್ತಾಳ. ನಾ ಅಂಗಡ್ಯಾಗ ಬೀಡಿ ಸೇದಿ ಬಾಯಿಗೆ ಲವಂಗ ಹಾಕ್ಕೋತೀನಿ. ದಿನಾ ಮೂರು ಹೊತ್ತು ಉಂಡೀನಿ. ಸತ್ತೇನೇನು ನಾ?"

ಮಹಾ ದೊಡ್ಡ ವಾದ ಗೆದ್ದೆ ಅಂದುಕೊಂಡಿದ್ದ ಮಹಾಶಯ. ಪಾರ್ವತಿಬಾಯಿ ಲವಂಗ ನೋಡಿದಳು. ದಿನಾ ಮುಂಜಾನೆ ಅಂಗಡಿಗೆ ಹೊರಡುವ ಮುನ್ನ, "ಪೂಜಾ ಆತೇನೋ?" ಎಂದು ಆಕೆ ಕೇಳುವುದು, "ಆತಕ್ಕಾ" ಎಂದು ಅವನು ಎದೆ ಮುಟ್ಟಿಕೊಳ್ಳುವುದು, ಹದಿನೆಂಟು ವರ್ಷ. ಆಕೆ ಗೋಡೆಯ ಕಡೆ ಹೊರಳಿ ಮಲಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಸಂಜೆಗೆ ಹಡಗು ಬೂಸಾನ್ ಬಿಟ್ಟು ಹಾಂಗ್‌ಕಾಂಗಿನ ಕಡೆ ತಿರುಗಿತು. ನಡುವೆ ಮೂರು ದಿನ ಎಲ್ಲೂ ನಿಲ್ಲುವುದಿಲ್ಲ. ಊಟದ ಗಂಟೆ ಬಾರಿಸಿದಾಗ ವೈಜನಾಥಪ್ಪ ಏಳಲಿಲ್ಲ. ಮಂಚದ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿ ಮಲಗಿದ. ಮರುದಿನ ಬೆಳಗಿನ ಚಹಾ ಬಂತು, ಹೋಯಿತು. ಅವನು ಮುಟ್ಟಲಿಲ್ಲ. ನೀರೂ ಇಲ್ಲ.

ಪಾರ್ವತಿಬಾಯಿಗೆ ಗೊತ್ತಾದದ್ದು ಮಧ್ಯಾಹ್ನ. ಅವನಿಗೆ ಸಕ್ಕರೆ ಬೇನೆ. ದಿನಾ ಎರಡು ಗುಳಿಗೆ, ಗುಳಿಗೆ ನುಂಗಿದರೆ ಹೊತ್ತಿಗೆ ಸರಿಯಾಗಿ ಊಟ. ಇಲ್ಲದಿದ್ದರೆ ಏನಾಗುತ್ತದೆ ಎಂದು ಹುಮನಾಬಾದಿನ ಡಾಕ್ಟರು ಆಕೆಯ ಮುಂದೆಯೇ ಹೇಳಿದ್ದರು. ಈ ಪುಣ್ಯಾತ್ಮ ನೀರಿಲ್ಲದೆಯೇ ಗುಳಿಗೆ ನುಂಗಿದ್ದ, ಊಟ ಬಿಟ್ಟಿದ್ದ. ಹೊರಳಿ ನೋಡಿದರೆ ಅವನ ಅಂಗಿ ಬೆವರಿಗೆ ಮೈಗಂಟಿದೆ, ಕೈ ಗಡಗಡ ನಡುಗುತ್ತಿದೆ, ತುಟಿ ಬಿಳಿಚಿದೆ.

"ವೈಜೂ! ಏ ವೈಜೂ! ಉಂಡಿಲ್ಲೇನೋ?"

"ನೀ ಉಂಡೇನು?"

ಆಕೆ ಬಾಗಿಲಿಗೆ ಬಂದು ಬದ್ರುದ್ದೀನನನ್ನು ಕೂಗಿದಳು. ಅವನು ಡಾಕ್ಟರನ್ನು ಕರೆತರಲು ಓಡುವ ಮುನ್ನ ಸಕ್ಕರೆ ಕಲಸಿದ ನೀರಿನ ಲೋಟ ಆಕೆಯ ಕೈಗೆ ಕೊಟ್ಟ. ಆಕೆ ತಮ್ಮನ ತಲೆ ಎತ್ತಿ ಲೋಟ ಬಾಯಿಗೆ ಹಿಡಿದಳು. ಅವನು ಹಲ್ಲು ಕಚ್ಚಿದ.

"ಕುಡಿಯೋ ನನ್ನಪ್ಪಾ. ನಿನಗ ಕೈ ಮುಗೀತೀನಿ."

"ಮೊದಲ ನೀ."

"ನನಗ ಲಿಂಗ ಇಲ್ಲೋ."

"ನಿನಗ ಲಿಂಗ ಬಿಟ್ರ ಯಾರೂ ಇಲ್ಲಂತ ತಿಳಿದೀಯೇನು?" ಅವನ ಮಾತು ತೊದಲುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಾ ಇಲ್ಲೇನಕ್ಕಾ? ಎಂಟು ವರ್ಷದಾವ ಇದ್ದಾಗಿಂದ ನನಗ ನೀನ ಅವ್ವ. ನಾ ಸುಳ್ಳ ಹೇಳೀನಿ, ಬೀಡಿ ಸೇದೀನಿ, ಎಲ್ಲಾ ಖರೇ. ಆದ್ರ ನಾ ನಿನ್ನಾವ ಅಲ್ಲೇನು? ನೀ ಹೋದ ಮ್ಯಾಲ ಈ ಹಡಗದಾಗಿಂದ ನಾ ಒಬ್ಬಾವ ಇಳೀಬೇಕೇನು?"

ಪಾರ್ವತಿಬಾಯಿ ಲೋಟ ಕೆಳಗಿಟ್ಟಳು. ಮೂವತ್ತೈದು ವರ್ಷ ಆಕೆ ತವರುಮನೆಯಲ್ಲಿ ದುಡಿದಿದ್ದಳು. ಎಲ್ಲರನ್ನೂ ಪ್ರೀತಿಸಿದ್ದಳು. ಆದರೆ ಯಾರನ್ನೂ ನನ್ನವರು ಎಂದಿರಲಿಲ್ಲ. ಅಂದರೆ ಕಿತ್ತುಕೊಳ್ಳುತ್ತಾರೆ ಎಂಬ ಭಯ ಅಂದು ತವರಿಗೆ ಬಂದ ಗಾಡಿಯಲ್ಲೇ ಅವಳ ಒಳಗೆ ಕೂತುಬಿಟ್ಟಿತ್ತು.

ಡಬ್ಬಿ ತೆಗೆದು ಒಂದು ರೊಟ್ಟಿ ಮುರಿದಳು. ಅರ್ಧ ಪುಡಿಯಾಯಿತು. ಒಂದು ಚೂರು ತನ್ನ ಬಾಯಿಗೆ ಇಟ್ಟುಕೊಂಡಳು. ಒಣ ಗಂಟಲಿನಲ್ಲಿ ಅದು ಇಳಿಯಲೊಲ್ಲದು. ಸಕ್ಕರೆ ನೀರಿನ ಒಂದು ಗುಟುಕು ಕುಡಿದು ನುಂಗಿದಳು. "ತಿಂದೆ ನೋಡು. ಭ್ರಷ್ಟಾದೆ ನೋಡು. ಈಗರ ಬಾಯಿ ತೆರಿ, ಮುಂಡೇಗಂಡ!" ಎಂದು ಅಳುತ್ತ ಗದರಿದಳು. ಅವನು ಬಾಯಿ ತೆರೆದ. ಲೋಟ ಖಾಲಿಯಾಯಿತು. ಡಾಕ್ಟರು ಬರುವ ಹೊತ್ತಿಗೆ ಅಕ್ಕತಮ್ಮ ಇಬ್ಬರೂ ನೆಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ರೊಟ್ಟಿ ಹಿಂಡಿ ತಿನ್ನುತ್ತಿದ್ದರು.

ಅಲ್ಲಿಂದ ಊರಿಗೆ ಬರುವ ತನಕ ಆಕೆ ದಿನಕ್ಕೆ ಒಂದು ರೊಟ್ಟಿ, ಎರಡು ಲೋಟ ನೀರಿನ ಮೇಲೆ ಇದ್ದಳು. ತಮ್ಮ ಎದುರು ಕೂತು ತಿನ್ನಿಸುತ್ತಿದ್ದ. ತಿಂದ ಪ್ರತಿ ತುತ್ತಿಗೂ ರೇವಣಯ್ಯನವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಕಟ್ಟುವುದಿಲ್ಲ ಎಂದರೆ ಏನು ಮಾಡುವುದು? ಉಳಿದ ಜೀವಮಾನವನ್ನು ಬರಿಯ ಕೊರಳಿನಲ್ಲಿ ಹೇಗೆ ಕಳೆಯುವುದು? ಸತ್ತರೆ ಏನನ್ನು ಕೈಯಲ್ಲಿ ಇಟ್ಟು ಮಣ್ಣು ಮಾಡುತ್ತಾರೆ? ವಿಮಾನದಲ್ಲಿ, ಸೊಲ್ಲಾಪುರದ ರೈಲಿನಲ್ಲಿ ಅದೇ ಚಿಂತೆ.

ಸೊಲ್ಲಾಪುರದಿಂದ ಹತ್ತಿದ ಬಸ್ಸು ಕಲ್ಯಾಣದ ಬಂಗಲಾ ಕ್ರಾಸಿಗೆ ಬಂದು ನಿಂತಾಗ, ಅಲ್ಲಿ ಶಕುಂತಲಾಬಾಯಿ, ಅಂಗಡಿಯವರು, ಓಣಿಯ ಮಂದಿ, ಹಲಗೆ ಬಾರಿಸುವವರು ಇಬ್ಬರು, ಎರಡು ಚೆಂಡು ಹೂವಿನ ಹಾರ, ಎಲ್ಲ ತಯಾರಾಗಿತ್ತು. "ಇಳೀರಿ, ಇಳೀರಿ!" ಎಂದು ಕೂಗು. ಪಾರ್ವತಿಬಾಯಿ ಕೂತಲ್ಲಿಂದ ಏಳಲಿಲ್ಲ.

"ನೀ ಇಳಿ. ನಾ ಹುಮನಾಬಾದಿಗೆ ಹೋಗಿ ಬರ್ತೀನಿ" ಎಂದಳು ತಮ್ಮನಿಗೆ.

ವೈಜನಾಥಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಂಜಿಗೆ ಬರ್ತೀವಿ! ಹಾರಕ್ಕ ನೀರು ಹೊಡೀರಿ!" ಎಂದು ಕೂಗಿ ಅಕ್ಕನ ಪಕ್ಕ ಕೂತ. ಬಸ್ಸು ಹೊರಟಿತು. ಹಲಗೆಯವರು ಬಾರಿಸುತ್ತಲೇ ಇದ್ದರು.

ಮಠದ ಕಟ್ಟೆಯ ಮೇಲೆ ರೇವಣಯ್ಯನವರು ಕೂತಿದ್ದರು. ಎಂಬತ್ತು ದಾಟಿದ ಒಣ ಶರೀರ, ಚೂಪು ಕಣ್ಣು. ಪಾರ್ವತಿಬಾಯಿ ಹೊಸ್ತಿಲ ಆಚೆಯೇ ನಿಂತು, ತೊಳೆದ ನೆಲದಿಂದ ಹಿಡಿದು ಖಾಲಿ ಅಂಗೈಯ ತನಕ ಹೇಳಿದಳು.

"ಎಷ್ಟು ದಿನ ಆತು?" ಎಂದರು ಅಯ್ಯನವರು.

"ಇವತ್ತಿಗೆ ಏಳು ದಿನ್ರಿ."

"ಅವತ್ತಿಂದ ಏನಾರ ಮುಟ್ಟೀರೇನು?"

ವೈಜನಾಥಪ್ಪ ಮುಂದೆ ನುಗ್ಗಿದ. "ಇಲ್ರಿ ಅಯ್ಯಾರ! ಒಂದು ಹನಿ ನೀರು ಸುದ್ದಾ ಮುಟ್ಟಿಲ್ರಿ. ನಾ ಸಂಗಾಟ ಇದ್ದೆ, ಕಣ್ಣಾರೆ ನೋಡೀನಿ."

ಏಳು ದಿನ ನೀರಿಲ್ಲದ ಹೆಂಗಸು ಬಸ್ಸಿನಿಂದ ಇಳಿದು ನಡೆದು ಬಂದಳಂತೆ! ಸುಳ್ಳು ಹೇಳುವುದಕ್ಕೂ ಒಂದು ಹದ ಬೇಡವೇ? ಅಯ್ಯನವರು ಅವನನ್ನು ನೋಡಲಿಲ್ಲ, ಆಕೆಯನ್ನೇ ನೋಡುತ್ತಿದ್ದರು. ಹೌದು ಅಂದುಬಿಟ್ಟರೆ ಮುಗಿಯಿತು, ಕೊರಳು ತುಂಬುತ್ತದೆ. ಪಾರ್ವತಿಬಾಯಿಗೆ ಅದು ಗೊತ್ತಿತ್ತು.

"ಸುಳ್ಳ ಹೇಳಾಕತ್ತಾನ್ರಿ" ಅಂದಳು. "ಎರಡನೇ ದಿನಾನ ಉಂಡೀನ್ರಿ. ಇಂವ ನನ್ನ ಸಲುವಾಗಿ ಅನ್ನ ನೀರು ಬಿಟ್ಟು ಸಾಯಾಕ ಬಿದ್ದಿದ್ದ. ನಾ ಉಂಡ್ರ ತಾ ಉಣತೀನಂದ. ಉಂಡೆ. ಇಂವನ್ನ ಬಿಟ್ಟುಕೊಡಾಕ ನನ್ನ ಕಡಿಂದ ಆಗಲಿಲ್ರಿ. ನೀವು ಒಳಗ ಬ್ಯಾಡ ಅಂದ್ರೂ ಖರೇದ ಹೇಳಿ ಹೋಗ್ತೀನಿ."

ಅಯ್ಯನವರು ಗೋಡೆ ಹಿಡಿದು ಎದ್ದು, ಹೊಸ್ತಿಲ ತನಕ ತಾವೇ ನಡೆದು ಬಂದರು.

"ಉಂಡಿಲ್ಲ ಅಂತ ನೀವೂ ಅಂದಿದ್ರ, ನಾ ಹೋಗ್ರಿ ಅಂತಿದ್ದೆ" ಎಂದರು. "ತಮ್ಮನ್ನ ಸಾಯಾಕ ಬಿಟ್ಟು ಬಂದ ಕೈಯಾಗ ನಾ ಶಿವನ್ನ ಹ್ಯಾಂಗ ಇಡ್ಲಿ? ಒಳಗ ಬಾ ತಾಯಿ."

ಪಾರ್ವತಿಬಾಯಿ ಹೊಸ್ತಿಲು ದಾಟಿದವಳು ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ವೈಜನಾಥಪ್ಪ ಕಂಬದ ಮರೆಗೆ ಹೋಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಸ್ನಾನವಾಯಿತು, ವಿಭೂತಿಯಾಯಿತು. ಅಯ್ಯನವರು ಹೊಸ ಲಿಂಗವನ್ನು ಆಕೆಯ ಎಡ ಅಂಗೈಯ ಮೇಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಆಕೆ ಆ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು:

"ಅಯ್ಯಾರ, ಅಲ್ಲಿ ಬಿದ್ದದ್ದು? ಅದು ಒಂಟೀನ ಅದ ಅಲ್ರಿ ಆ ನೀರಾಗ."

ರೇವಣಯ್ಯನವರು ನಕ್ಕದ್ದನ್ನು ಆ ಮಠದಲ್ಲಿ ಅಲ್ಲಿಯ ತನಕ ಯಾರೂ ಕಂಡಿರಲಿಲ್ಲ.

"ಇರಲಿ ಬಿಡವ್ವ" ಎಂದರು. "ಎಲ್ಲಾ ನಮ್ಮ ಕಡೆನ ಇಟ್ಕೊಂಡು ಕೂತ್ರ ಹ್ಯಾಂಗ? ಆ ಕಡೆ ಮಂದಿಗೂ ಒಂದು ಬೇಕಲ್ಲ."